ಹಳೇ ಫೋನಿಗೆ ಹೊಸ ಕವಚ

ಹೆಂಡತಿಯ ಹಳೇ ಫೋನಿಗೆ ಇನ್ನು ಸುರಕ್ಷತಾ ಅಪ್‌ಡೇಟ್ ಕಳಿಸುವುದಿಲ್ಲ ಎಂದು ಅದನ್ನು ತಯಾರಿಸಿದವರು ಕೈತೊಳೆದುಕೊಂಡ ದಿನ ನಾನು ತೊಡೆ ತಟ್ಟಿದೆ. ಇಡೀ ಸೆಮಾರಾಂಗ್ ಊರಲ್ಲಿ ಇಂಥ ಸವಾಲಿಗೆ ನನ್ನನ್ನು ಬಿಟ್ಟರೆ ಇನ್ನಾರು?

"ಬೇರೆ ಫೋನ್ ತಗೊಳ್ಳೋಣ್ರೀ" ಎಂದಳು ವಿನಾರ್ಸಿಹ್.

"ಯಾಕೆ? ಗಟ್ಟಿಮುಟ್ಟಾಗಿದೆ. ಕಳ್ಳರು ನುಗ್ಗದ ಹಾಗೆ ಹೊಸ ಕವಚ ತೊಡಿಸಿದ್ರಾಯ್ತು. ಇಂಥ ಫೋನಿಗೇ ಅಂತ ಪುಣ್ಯಾತ್ಮರು ಯಾರೋ ತಂತ್ರಾಂಶ ಬರೆದು ಪುಕ್ಕಟೆ ಹಂಚ್ತಿದ್ದಾರೆ!"

"ಅದರಲ್ಲಿ ನನ್ನ ಅಡುಗೆ ಆರ್ಡರ್‌ಗಳಿವೆ. ಹುಷಾರು."

"ಎಲ್ಲಾ ನಕಲು ಮಾಡಿಟ್ಟಿದ್ದೀನಿ ಮಹಾರಾಯ್ತಿ!"

ಭಾನುವಾರ ಬೆಳಿಗ್ಗೆ ಅವಳು, ಅಡುಗೆಗೆ ಆರ್ಡರ್ ಕೊಟ್ಟಿದ್ದ ತಿತಿಕ್ ಅಮ್ಮನ ಸೊಸೆಯ ಬಸಿರಿನ ಏಳನೇ ತಿಂಗಳ ಶಾಸ್ತ್ರಕ್ಕೆ ಅರಿಸಿನದನ್ನ ಬೇಯಿಸಿ ಗೋಪುರ ಕಟ್ಟುತ್ತಿದ್ದಳು. ನಾನು ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ ಶಸ್ತ್ರಚಿಕಿತ್ಸೆಗೆ ಕೂತೆ. ಪರದೆ ಕಪ್ಪಾಯಿತು. ನನ್ನ ಮುಖವೂ ಕಪ್ಪಾಯಿತು. ಕೊನೆಗೆ ಫೋನು ಕಣ್ಣುಬಿಟ್ಟಿತು! ಇದೇ ತಿಂಗಳ ಸುರಕ್ಷತೆ, ಥಳಥಳ ಪರದೆ!

"ತಿತಿಕ್ ಅಮ್ಮನ ಮನೆ ವಿಳಾಸ ತೆಗೀರಿ, ಹೊತ್ತಾಯ್ತು" ಎಂದಳು.

ತೆಗೆದೆ. ಸಂದೇಶವೂ ಇಲ್ಲ, ನಂಬರೂ ಇಲ್ಲ. ಹೊಸ ತಂತ್ರಾಂಶ ಹಳೆಯದನ್ನೆಲ್ಲ ಒರೆಸಿ ಹಾಕಿತ್ತು.

"ನಕಲು ಮಾಡಿಟ್ಟಿದ್ದೀನಿ ಅಂದ್ರಲ್ಲ?"

"ಮಾಡಿದ್ದೆ."

"ಎಲ್ಲಿ?"

"...ಫೋನಲ್ಲೇ."

ಅಪ್‌ಡೇಟ್ ಮಾಡಲು ಹೋಗಿ ಅಪಘಾತ ಮಾಡಿದ್ದೆ! ಅವಳು ಬೈಯಲಿಲ್ಲ. ಸೌಟು ಕೆಳಗಿಟ್ಟಳು. ಅದು ಇನ್ನೂ ಭಯಂಕರ.

"ಗುಡ್ಡದ ಮಸೀದಿ ಹಿಂದೆ, ಹಸಿರು ಗೇಟು. ಅಷ್ಟೇ ನೆನಪಿರೋದು. ಬೈಕ್ ತೆಗೀರಿ" ಎಂದಳು. ಅನ್ನದ ಗೋಪುರವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಪ್ರತಿ ಗುಂಡಿಗೂ ಬೆನ್ನಿಗೊಂದು ಗುದ್ದು.

ಹಸಿರು ಗೇಟು ಸಿಕ್ಕಿತು! ಹೊಸ್ತಿಲ ತುಂಬ ಚಪ್ಪಲಿ, ಒಳಗೆ ಚಾಪೆ, ಚಾಪೆಯ ಮೇಲೆ ಜನ. ಅನುಮಾನವೇ ಇಲ್ಲ. ಗೋಪುರವನ್ನು ನಡುವೆ ಇಟ್ಟು, ಮನೆ ಯಜಮಾನರ ಕೈ ಕುಲುಕಿ, ಎಲ್ಲರಿಗೂ ಕೇಳುವಂತೆ ಹರಸಿದೆ:

"ಗಂಡೋ ಹೆಣ್ಣೋ, ಸುಖವಾಗಿ ಹೊರಗೆ ಬರಲಿ!"

ಯಜಮಾನರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ತಲೆಬಾಗಿ "ನಿಮ್ಮದು ದೊಡ್ಡ ಮನಸ್ಸು" ಎಂದರು. ನಮ್ಮೂರಲ್ಲಿ ಮನೆಗೆ ಬಂದ ಅನ್ನವನ್ನು ಬೇಡ ಎನ್ನುವಷ್ಟು ಒರಟರು ಯಾರೂ ಇಲ್ಲ. ಹಿರಿಯರೊಬ್ಬರು ಆಗಲೇ ಗೋಪುರದ ತುದಿ ಕತ್ತರಿಸಿ ತಟ್ಟೆಗೆ ಹಾಕಿಕೊಂಡರು.

ವಿನಾರ್ಸಿಹ್ ನನ್ನ ಅಂಗಿ ಜಗ್ಗಿದಳು. "ರೀ, ಗೋಡೆ ನೋಡ್ರೀ."

ಗೋಡೆಯ ಮೇಲೆ ಮುದುಕಿಯೊಬ್ಬಳ ಫೋಟೋ. ಅದಕ್ಕೆ ಮಲ್ಲಿಗೆ ಹಾರ. ಯಜಮಾನರ ತಾಯಿ ತೀರಿಕೊಂಡು ಸಾವಿರ ದಿನ ತುಂಬಿದ ಪ್ರಾರ್ಥನೆ ಅಲ್ಲಿ ನಡೆಯುತ್ತಿತ್ತು. ಗೋರಿಯೊಳಗಿದ್ದ ಆ ತಾಯಿ ಸುಖವಾಗಿ ಹೊರಗೆ ಬರಲಿ ಎಂದು ನಾನು ಹರಸಿದ್ದೆ!

ಅಷ್ಟರಲ್ಲಿ ಎದುರುಮನೆಯ ಗೇಟು ತೆರೆಯಿತು. ಅದೂ ಹಸಿರು. ತಿತಿಕ್ ಅಮ್ಮ ನುಗ್ಗಿ ಬಂದರು. "ವಿನಾರ್ಸಿಹ್, ಮೆಸೇಜ್ ಮಾಡಿ ಮಾಡಿ ನನ್ನ ಬೆರಳು ಸವೀತು! ಸೊಸೆ ಹಸಿದು ಕೂತಿದ್ದಾಳೆ. ನೀನು ಇಲ್ಲಿ ಬಡಿಸ್ತಿದ್ದೀಯಾ?"

ಹೆಂಡತಿಯ ಕಣ್ಣಲ್ಲಿ ನೀರು ಬಂತು. ನಿಂತಲ್ಲೇ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಯಜಮಾನರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಇಡೀ ಚಾಪೆಯೇ ನಕ್ಕಿತು.

"ನಮ್ಮಮ್ಮ ಇದ್ದಿದ್ರೆ ಎಲ್ಲರಿಗಿಂತ ಜೋರಾಗಿ ನಗ್ತಿದ್ಲು. ಏಳ್ರಪ್ಪಾ, ಎತ್ತಿ!" ಎಂದರು ಅವರು. ನಾಲ್ಕು ಜನ ಸೇರಿ ತುದಿಯಿಲ್ಲದ ಗೋಪುರವನ್ನು ರಸ್ತೆ ದಾಟಿಸಿದರು. ಹಿಂದೆ ಅವರ ಮನೆಯ ಕೋಳಿ ಸಾರಿನ ಪಾತ್ರೆಯೂ ಬಂತು. ಬಸುರಿ ಹುಡುಗಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಾಗ ತಿತಿಕ್ ಅಮ್ಮ ಗಾಬರಿಯಾಗಿ ಅವಳನ್ನು ಕೂರಿಸಿದರು.

ಸಂಜೆ ವಿನಾರ್ಸಿಹ್ ಫೋನು ಹಿಡಿದು ಗಂಭೀರವಾಗಿ ಏನನ್ನೋ ತಡಕಾಡುತ್ತಿದ್ದಳು. "ಏನು ಹುಡುಕ್ತಿದ್ದೀಯಾ? ನಾನು ನೋಡ್ಲಾ?" ಎಂದು ಮೆಲ್ಲಗೆ ಕೈಚಾಚಿದೆ.

ಅವಳು ಫೋನನ್ನು ಎದೆಗೆ ಅವಚಿಕೊಂಡಳು.

"ಕಳ್ಳರಿಂದ ಕಾಪಾಡೋ ಅಪ್‌ಡೇಟ್ ಬಂದಿದೆ. ಗಂಡನಿಂದ ಕಾಪಾಡೋದು ಯಾವಾಗ ಬರುತ್ತೆ ಅಂತ ನೋಡ್ತಿದ್ದೀನಿ!"