ಎಂಟನೇ ಎಪಿಸೋಡಿನ ಕೆಳಗಿನ ಕೆಂಪು ಗೆರೆಯ ಬಗ್ಗೆ

ಮಾನ್ಯ ‘ಮುಂದುವರಿಸಿ ನೋಡಿ’ ಪಟ್ಟಿಯವರೇ,

ನಮ್ಮ ನಡುಮನೆಯ ಟೀವಿಯಲ್ಲಿ ಮೇಲಿನಿಂದ ಎರಡನೇ ಸಾಲಿನಲ್ಲಿ ವಾಸವಾಗಿರುವ ತಮಗೆ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ ಎಂದು ಬಲ್ಲೆ. ಕರೆಂಟು ಹೋಗಿ ಬಂದರೂ ತಮ್ಮ ಜ್ಞಾಪಕಶಕ್ತಿ ಕೂದಲೆಳೆಯಷ್ಟೂ ಕುಂದುವುದಿಲ್ಲ ಎಂಬುದನ್ನು ಈಚೆಗೆ ಕಣ್ಣಾರೆ ಕಂಡು, ಕಣ್ಣೀರನ್ನೂ ಹಾಕಿದವಳು ನಾನು.

ನನಗೆ ಮದುವೆಯಾಗಿ ಎರಡು ತಿಂಗಳು ನಾಲ್ಕು ದಿನ. ನನ್ನವರು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು. ಸೋಫಾದಿಂದ ಸಬ್‌ಟೈಟಲ್ ಮಸುಕಾಗಿ ಕಾಣುತ್ತದೆ ಎಂದು ನಾನು ಅವರ ಅಂಗಡಿಗೆ ಹೋದಾಗ, ಅವರು ಅಕ್ಷರದ ಹಲಗೆ ತೋರಿಸುವುದನ್ನು ಬಿಟ್ಟು “ಯಾವ ಸೀರಿಯಲ್?” ಎಂದು ಕೇಳಿದರು, ಅಲ್ಲಿಗೆ ನನ್ನ ಕಥೆ ಮುಗಿಯಿತು. ಆಸ್ಪತ್ರೆಯ ಮಂಚದಲ್ಲಿ ಡ್ರಿಪ್ ಹಾಕಿಸಿಕೊಂಡು ಹಾಡು ಹೇಳುವ ಹೀರೋ ಅವರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ನಿದ್ದೆಯಿಂದ ಲಿಪ್‌ಸ್ಟಿಕ್ ಸಮೇತ ಏಳುವ ಹೀರೋಯಿನ್‌ಗಳನ್ನು ಇಬ್ಬರೂ ಕ್ಷಮಿಸಿದ್ದೇವೆ. ಸಿನಿಮಾದಲ್ಲಿ ನಾಯಿ ಸತ್ತರೆ ಇಬ್ಬರೂ ಅಳುತ್ತೇವೆ, ಮನುಷ್ಯರು ಸತ್ತರೆ ಬಿಸ್ಕತ್ತು ತಿನ್ನುತ್ತೇವೆ. ಇಂಥ ಜೋಡಿ ಮದುವೆಯಾಗುವಾಗ ಮಾಡಿಕೊಂಡ ಆಣೆ ಒಂದೇ: ಒಬ್ಬರನ್ನು ಬಿಟ್ಟು ಇನ್ನೊಬ್ಬರು ಒಂದು ಎಪಿಸೋಡನ್ನೂ ನೋಡತಕ್ಕದ್ದಲ್ಲ.

ಹೀಗಿರುವಾಗ ಬಂತು ನೋಡಿ ಆ ದ್ವೀಪದ ಕೊಲೆಯ ಸೀರಿಯಲ್. ಅದರ ನಾಲ್ಕನೇ ಎಪಿಸೋಡಿನ ತುಂಬ ಎಲ್ಲರೂ ಕಿಟಕಿಯಾಚೆ ನೋಡುತ್ತ ನಿಂತಿರುತ್ತಾರೆ ಎಂಬುದೂ, ಆ ಇನ್ಸ್‌ಪೆಕ್ಟರ್ ಊಟ ಮಾಡಿದ್ದನ್ನಾಗಲೀ ಫೋನ್ ಚಾರ್ಜಿಗೆ ಹಾಕಿದ್ದನ್ನಾಗಲೀ ಯಾರೂ ಕಂಡಿಲ್ಲ ಎಂಬುದೂ ನಿಜ. ಆದರೂ ಐದನೆಯದರ ಕೊನೆಗೆ ದೋಣಿಯವನು ಹಿಂದಿರುಗಿ ನೋಡಿದ ನೋಟವಿದೆಯಲ್ಲ, ಅಯ್ಯಯ್ಯೋ!

ಮಂಗಳವಾರ ಮಧ್ಯಾಹ್ನ ನನಗೆ ರಜೆ. ಒಗೆದ ಬಟ್ಟೆ ಮಡಚುತ್ತ, ಆ ನೋಟವನ್ನು ಇನ್ನೊಂದೇ ಸಲ ನೋಡೋಣ ಎಂದು ಟೀವಿ ಹಾಕಿದೆ. ನೋಟ ಮುಗಿಯಿತು. ‘ಮುಂದಿನ ಎಪಿಸೋಡ್ ಐದು ಸೆಕೆಂಡಿನಲ್ಲಿ’ ಎಂದಿರಿ. ನನ್ನ ಎರಡೂ ಕೈ ಡಬಲ್ ಬೆಡ್‌ಶೀಟಿನ ಎರಡು ತುದಿ ಹಿಡಿದಿದ್ದವು, ರಿಮೋಟ್ ಕೋಣೆಯ ಆಚೆ ತುದಿಯಲ್ಲಿತ್ತು. ಅತಿಥಿಗೆ ಬೇಡ ಬೇಡ ಎಂದರೂ ಬಡಿಸುವ ತಮ್ಮ ಔದಾರ್ಯವನ್ನು ಎಷ್ಟು ಹೊಗಳಲಿ! ಆರನೆಯದನ್ನು ಬಡಿಸಿದಿರಿ, ಏಳನೆಯದನ್ನೂ ಬಡಿಸಿದಿರಿ. ಬೆಡ್‌ಶೀಟ್ ಮಾತ್ರ ಹಾಗೇ ಇತ್ತು. ಆಮೇಲೆ ಬುದ್ಧಿ ಬಂದು ಟೀವಿ ಆರಿಸಿ, ಉಳಿದ ಬಟ್ಟೆ ತರಲು ಮಹಡಿಗೆ ಹೋದೆ.

ಸಂಜೆ ನನ್ನವರ ಪಕ್ಕದಲ್ಲಿ ಕೂತು, ಏನೂ ಅರಿಯದವಳಂತೆ ಆರನೆಯದನ್ನು ಮತ್ತೆ ನೋಡಿದೆ. ನಟನೆಯಲ್ಲಿ ಆ ಸೀರಿಯಲ್ಲಿನವರಿಗಿಂತ ನಾನೇ ವಾಸಿ ಎಂದುಕೊಳ್ಳುತ್ತಿದ್ದೆ, ಆದರೆ ಕಿಟಕಿಯ ಗಾಜು ಒಡೆಯುವುದಕ್ಕೆ ಎರಡು ಸೆಕೆಂಡ್ ಮೊದಲೇ “ಅಮ್ಮಾ!” ಎಂದು ಚೀರಿಬಿಟ್ಟೆ. ಅವರು ನನ್ನನ್ನು ನೋಡಿದರು. ಎಪಿಸೋಡ್ ಮುಗಿದ ಕೂಡಲೇ ತಾವು ಠೀವಿಯಿಂದ ಪ್ರತ್ಯಕ್ಷರಾಗಿ, ಎಪಿಸೋಡುಗಳ ಚಿತ್ರಗಳ ಕೆಳಗೆ, ನೋಡಿದಷ್ಟು ಉದ್ದಕ್ಕೆ ಕೆಂಪು ಗೆರೆ ಎಳೆದು ತೋರಿಸಿದಿರಿ. ಏಳು ಪೂರ್ತಿ, ಎಂಟು ಅರ್ಧ.

“ಎಂಟು ನಾನಲ್ಲ ರೀ!” ಎಂದೆ.

ಮಾನ್ಯರೇ, ಲೋಕದಲ್ಲಿ ಯಾವ ಅಪರಾಧಿಯೂ ಇಷ್ಟು ಅಚ್ಚುಕಟ್ಟಾಗಿ ಆರು, ಏಳನ್ನು ಒಪ್ಪಿಕೊಂಡಿರಲಾರ. ಅಕ್ಷರದ ಹಲಗೆಯನ್ನು ಬಾಯಿಪಾಠ ಮಾಡಿಕೊಂಡು ಬಂದ ಗಿರಾಕಿಯನ್ನು ನೋಡುವಂತೆ ಅವರು ನನ್ನನ್ನು ನೋಡಿ, “ನೋಡಿದ್ದಕ್ಕೆ ಬೇಜಾರಿಲ್ಲ, ಸುಳ್ಳು ಯಾಕೆ?” ಎಂದರು. ಅಷ್ಟೇ. ಅಂದಿನಿಂದ ಮೂರು ದಿನ ಮನೆಯಲ್ಲಿ ಮೀನು. ಆಳ ಸಮುದ್ರದ ಮೀನು, ಕುರುಡು ಮೀನು, ಗಂಡನ್ನೇ ನುಂಗುವ ಮೀನು, ಒಂದಾದ ಮೇಲೊಂದು ಸಾಕ್ಷ್ಯಚಿತ್ರ. ಸೀರಿಯಲ್ ಹಾಕೋಣವೇ ಎಂದರೆ “ಇಲ್ಲ, ನೀನು ನೋಡು” ಎನ್ನುತ್ತಿದ್ದರು. ಅವರ ಬಾಯಿಂದ ಇಷ್ಟು ತಣ್ಣಗಿನ ಮಾತು ಕೇಳಿದ್ದು ಅದೇ ಮೊದಲು. ಮೂರನೇ ದಿನ ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಮ್ಮ ಜೊತೆಯಲ್ಲೇ ಇರುವ ಅತ್ತೆಯವರು ಈ ಸೀರಿಯಲ್ ನೋಡುವವರಲ್ಲ. “ಊಟದ ಹೊತ್ತಿಗೆ ಹೆಣ ಯಾಕ್ರೋ ತೋರಿಸ್ತೀರ” ಎಂದು ಟೀವಿಗೆ ಬೆನ್ನು ಹಾಕಿ ಸ್ವೆಟರ್ ಹೆಣೆಯುವವರು. ಶುಕ್ರವಾರ ಸಂಜೆ, ಏಳನೆಯದೋ ಎಂಟನೆಯದೋ ಮೀನು ಬಾಯಿ ತೆರೆಯುತ್ತಿದ್ದಾಗ, ಅವರು ಸೂಜಿ ಕೆಳಗಿಟ್ಟರು.

“ಎಂಟು ನಾನು ಕಣೋ,” ಎಂದರು. “ಮಂಗಳವಾರ ಇವಳು ಮಹಡಿಗೆ ಹೋದಾಗ, ಬಟ್ಟೆ ಒಣಗುತ್ತೋ ಇಲ್ವೋ ಅಂತ ಹವಾಮಾನ ನೋಡೋಕೆ ಟೀವಿ ಹಾಕಿದೆ, ಇದೇ ಶುರುವಾಯ್ತು. ಅರ್ಧದಲ್ಲಿ ಹೆಣ ಎದ್ದು ಕೂತಿತು, ಹೆದರಿ ಆರಿಸಿದೆ. ನೀವಿಬ್ಬರೂ ರಾಜಿಯಾಗ್ತೀರಿ ಅಂತ ಸುಮ್ಮನಿದ್ದೆ. ಇನ್ನೊಂದು ಮೀನು ನನ್ನ ಕೈಲಿ ನೋಡೋಕಾಗಲ್ಲ. ಆ ಹೆಣ ಯಾಕೆ ಎದ್ದಿತು, ಹಾಕು ನೋಡೋಣ.”

ನನ್ನವರು ಮೊದಲು ಅಮ್ಮನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಕನ್ನಡಕ ತೆಗೆದು ಕಣ್ಣೀರು ಬರುವಷ್ಟು ನಕ್ಕರು. ನಾನು ಆರಕ್ಕೊಂದು ಏಳಕ್ಕೊಂದು ಬೇರೆ ಬೇರೆಯಾಗಿ ಕ್ಷಮೆ ಕೇಳಿದೆ. ರಿಮೋಟನ್ನು ಅವರು ನನ್ನ ಕೈಗೇ ಕೊಟ್ಟರು.

ಆದ್ದರಿಂದ ಕೈಮುಗಿದು ಬೇಡುವುದೇನೆಂದರೆ, ಇನ್ನು ಮುಂದೆ ತಾವು ಗೆರೆ ಎಳೆಯುವ ಮುನ್ನ ಮನೆಯವರನ್ನೆಲ್ಲ ಕೂರಿಸಿ ವಿಚಾರಣೆ ನಡೆಸಬೇಕು. ಸೊಸೆಗೆ ನೀಲಿ, ಅತ್ತೆಗೆ ಹಸಿರು ಎಂದು ಬೇರೆ ಬಣ್ಣ ಬಳಸಬೇಕು. ಬೆಡ್‌ಶೀಟ್ ಹಿಡಿದವರಿಗೆ ಐದು ಸೆಕೆಂಡಿನ ಬದಲು ಐದು ಗಂಟೆ ಕಾಲಾವಕಾಶ ಕೊಡಬೇಕು. ಮುಖ್ಯವಾಗಿ, ಎರಡು ತಿಂಗಳ ಸಂಸಾರದಲ್ಲಿ ಮೀನಿನ ಪಾಲಾದ ಆ ಮೂರು ದಿನಗಳನ್ನು ಮೊದಲಿನಿಂದ ಪ್ಲೇ ಮಾಡಿಕೊಡಬೇಕು.

ಇಷ್ಟಾದರೂ ತಮ್ಮ ವಿಶ್ವಾಸಿ,
ಆರು ಮತ್ತು ಏಳನ್ನು ಮಾತ್ರ ನೋಡಿದವಳು

ತಾ.ಕ.: ನಿನ್ನೆಯಿಂದ ತಾವು ‘ನಿಮಗಾಗಿ ಆಯ್ದದ್ದು’ ಎಂದು ಹನ್ನೊಂದು ಮೀನಿನ ಚಿತ್ರಗಳನ್ನು ಸಾಲಾಗಿ ನಿಲ್ಲಿಸಿದ್ದೀರಿ. ನನ್ನವರು ಮೀನು ನೋಡಿದ್ದು ಆಸೆಯಿಂದಲ್ಲ, ಕೋಪದಿಂದ. ಈ ವ್ಯತ್ಯಾಸ ತಿಳಿಯಲು ಹೊಸ ಹೆಂಡತಿಯಾದ ನನಗೇ ಒಂದು ಸಂಜೆ ಸಾಕಾಯಿತು. ಊರಿಗೆಲ್ಲ ಮನಸ್ಸು ಓದಿ ಹೇಳುವ ತಮಗೆ ಇನ್ನೂ ಎಷ್ಟು ಸೀಸನ್ ಬೇಕು?