ಪ್ಲಂಬರ್ ಕೂರಿಸಿದ ಮ್ಯಾನಿಫೋಲ್ಡ್

ಪೈಪು ದಪ್ಪಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯ ಮೇಲೆ ಪ್ಲಂಬರ್ ಇಪ್ಪತ್ತು ವರ್ಷ ಸಂಸಾರ ನಡೆಸಿದ್ದ. ಆ ಭಾನುವಾರ ಅದೇ ನಂಬಿಕೆ ಅವನ ಮಾನ ಕಳೆಯಲು ಹೊರಟಿತು.

ಕಾರು ಅವನದಲ್ಲ, ಮಾವನದು. ಪ್ರಾಯದಲ್ಲಿ ಗುಡ್ಡ ಹತ್ತುವ ರೇಸಿಗೆಂದೇ ಇಂಜಿನ್ ಕಟ್ಟಿಸಿದ್ದ ಮಾವ, ಈಗ ಅದು ಏದುಸಿರು ಬಿಡುತ್ತದೆಂದು ಅಳಿಯನ ಅಂಗಳದಲ್ಲಿ ನಿಲ್ಲಿಸಿ ಹೋಗಿದ್ದರು. ಸಂಜೆ ನಾಲ್ಕಕ್ಕೆ ಬಂದು ನೋಡುತ್ತಾರೆ. ಊರಾಚೆಯ ಗುಡ್ಡವನ್ನು ಐದು ನಿಮಿಷದಲ್ಲಿ ಹತ್ತದಿದ್ದರೆ ನೇರ ಗುಜರಿಗೆ. ಹೆಂಡತಿಗೂ ಹೇಳದ ಗುಟ್ಟುಗಳನ್ನು ಆ ಕಾರಿಗೆ ಹೇಳಿಕೊಂಡಿದ್ದ ಪ್ಲಂಬರ್‌ಗೆ ಊಟ ಸೇರುತ್ತಿರಲಿಲ್ಲ.

ಹಾಗಾಗಿ ಗಾಳಿ–ಪೆಟ್ರೋಲಿನ ಮಿಶ್ರಣವನ್ನು ನಾಲ್ಕು ಸಿಲಿಂಡರುಗಳಿಗೆ ಹಂಚುವ ಕವಲು ಪೈಪನ್ನು, ಅಂದರೆ ಮ್ಯಾನಿಫೋಲ್ಡನ್ನು, ಬಿಚ್ಚಿ ಬಿಸಾಡಿ, ತೋಳಿನಷ್ಟು ದಪ್ಪದ ಹೊಳೆಯುವ ಹೊಸದೊಂದನ್ನು ಕೂರಿಸಿದ. ಕೀ ತಿರುಗಿಸಿದರೆ ಇಂಜಿನ್ ಕೆಮ್ಮಿತು, ಸೀನಿತು, ಕಪ್ಪು ಹೊಗೆ ಕಾರಿ ನಿಂತಿತು.

ಕೆಮ್ಮು ಕೇಳಿ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಬೇಲಿ ಹಾರಿ ಬಂದರು. "ಬೇರಲ್ಲೇ ತೊಂದ್ರೆ ಇರುತ್ತೆ ಕಣ್ರೀ!" ಎನ್ನುತ್ತ ನಾಲ್ಕೂ ಸ್ಪಾರ್ಕ್ ಪ್ಲಗ್ ಕಿತ್ತು ಕರವಸ್ತ್ರದ ಮೇಲೆ ಜೋಡಿಸಿದರು. ಮಧ್ಯದ ಎರಡು ಮಸಿಯಂತೆ ಕಪ್ಪು, ತುದಿಯ ಎರಡು ಸುಣ್ಣದಂತೆ ಬಿಳಿ. "ಒಂದೇ ಬಾಯಲ್ಲಿ ಇಂಥಾ ವ್ಯತ್ಯಾಸ ನಾನೆಲ್ಲೂ ನೋಡಿಲ್ಲ" ಎಂದು ಬೆರಗಾದರು. ಆಮೇಲೆ ಮಾಡುವುದೇನೆಂದು ಅವರಿಗೂ ತೋಚಲಿಲ್ಲ.

ಹೆಂಡತಿ ಓಡಿಹೋಗಿ ಬೀದಿ ತುದಿಯ ಗ್ಯಾರೇಜಿನ ಅಕ್ಕನನ್ನು ಕರೆತಂದಳು. ಅಕ್ಕ ಪ್ಲಗ್ಗುಗಳತ್ತ ಒಮ್ಮೆ ಕಣ್ಣು ಹಾಯಿಸಿ ನಕ್ಕಳು.

"ಮಧ್ಯದವರಿಗೆ ಪೆಟ್ರೋಲ್ ಹೊಟ್ಟೆ ಬಿರಿಯೋಷ್ಟು, ತುದಿಯವರಿಗೆ ಬರೀ ಗಾಳಿ. ಯಾರಣ್ಣ ಇದನ್ನ ಹಾಕಿದ್ದು?"

"ಪೈಪ್ ದಪ್ಪ ಇದ್ರೆ ಜಾಸ್ತಿ ಹೋಗ್ಬೇಕಲ್ವಾ ಅಕ್ಕ?"

"ಇದೇನು ನೀರಾ? ಗಾಳೀಲಿ ತೇಲ್ಕೊಂಡು ಹೋಗೋ ಹನಿ. ಪೈಪ್ ದಪ್ಪ ಆದ್ರೆ ಗಾಳಿ ನಿಧಾನ ಆಗುತ್ತೆ, ಹನಿ ಕೆಳಗೆ ಬೀಳುತ್ತೆ, ದೂರದವರಿಗೆ ತಲುಪಲ್ಲ. ಹೈ ಸ್ಪೀಡಲ್ಲೇ ಓಡೋ ಇಂಜಿನ್‌ಗಾದ್ರೆ ಸರಿ. ಗುಡ್ಡ ಹತ್ತೋಕೆ ಹಳೇದೇ ಬೇಕು. ಎಲ್ಲಿಟ್ಟಿದ್ದೀಯ?"

ಹೆಂಡತಿ ಬಚ್ಚಲುಮನೆಗೆ ಹೋಗಿ, ಬೆಳಿಗ್ಗೆಯಷ್ಟೇ ಟವೆಲ್ ಒಣಹಾಕಲು ಗೋಡೆಗೆ ತೂಗುಹಾಕಿದ್ದ ಅದನ್ನು ತಂದುಕೊಟ್ಟಳು.

ಪ್ಲಂಬರ್ ಅದನ್ನು ಎರಡು ಕೈಯಲ್ಲಿ ಹಿಡಿದು ನೋಡಿದ. ಬೆರಳಿಗಿಂತ ತುಸು ದಪ್ಪದ ನಾಲ್ಕು ಕವಲು. ಕಣ್ಣಿಗೆ ಕಾಣದ ಮಂಜನ್ನು ಕ್ಷಣಕ್ಕೆ ಹತ್ತಾರು ಸಲ, ಯಾರಿಗೂ ಹೆಚ್ಚಿಲ್ಲ ಯಾರಿಗೂ ಕಡಿಮೆಯಿಲ್ಲದಂತೆ ಹಂಚುವ ಕಬ್ಬಿಣ! ಅವನ ಮೈ ಜುಮ್ಮೆಂದಿತು. ತಾನು ಇಷ್ಟು ವರ್ಷ ಹಾಕಿದ ನಲ್ಲಿಗಳೆಲ್ಲ ಮಕ್ಕಳಾಟ ಅನಿಸಿ ನಾಚಿಕೆಯೂ ಆಯಿತು.

ಅದರೊಳಗೆ ವರ್ಷಗಟ್ಟಲೆ ಕಟ್ಟಿಕೊಂಡು ಇಂಜಿನ್ನಿಗೆ ಏದುಸಿರು ತರಿಸಿದ್ದ ಮಸಿಯನ್ನು ಅಕ್ಕ ಕೆರೆದು ತೆಗೆದಳು. ಪ್ಲಂಬರ್ ಕೊನೆಯ ಬೋಲ್ಟು ಬಿಗಿಯುವಾಗ ಮಾವ ಗೇಟು ತೆರೆದರು. "ಏನ್ ಅಳಿಯಂದ್ರೇ, ಗುಜರಿಯವನಿಗೆ ಹೇಳಿ ಬಂದಿದ್ದೀನಿ. ನಡೀರಿ."

ಗುಡ್ಡದ ಬುಡದಲ್ಲಿ ಪ್ಲಂಬರ್ ಉಸಿರು ಬಿಗಿಹಿಡಿದು ಆಕ್ಸಿಲರೇಟರ್ ಒತ್ತಿದ. ಇಂಜಿನ್ ಕೆಮ್ಮಲಿಲ್ಲ. ನಾಲ್ಕು ಕೊರಳು ಒಂದೇ ಶ್ರುತಿಗೆ ಸೇರಿದವು. ಮೊದಲ ತಿರುವು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಡಾಕ್ಟರು ಬಾಯಿ ತೆರೆದವರು ಮುಚ್ಚಲಿಲ್ಲ. ಮಾವ ಗಡಿಯಾರ ನೋಡುವುದನ್ನೇ ಮರೆತು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

ತುದಿ ತಲುಪಿದಾಗ ಮೂರೂವರೆ ನಿಮಿಷ.

ಮಾವನ ಕಣ್ಣಲ್ಲಿ ನೀರು. "ಏನ್ ಮಾಡಿದ್ರಿ ಅಳಿಯಂದ್ರೇ! ನನ್ನ ಇಪ್ಪತ್ತೈದನೇ ವಯಸ್ಸು ವಾಪಸ್ ಕೊಟ್ರಲ್ಲ!"

ಪ್ಲಂಬರ್ ಹಿಗ್ಗಿ ಹೀರೇಕಾಯಿಯಾದ. "ಹಾಗಾದ್ರೆ ಗುಜರಿಗೆ ಹಾಕಲ್ಲ ತಾನೇ ಮಾವ?"

"ಇಂಥದ್ದನ್ನ ಯಾರಾದ್ರೂ ಗುಜರಿಗೆ ಹಾಕ್ತಾರಾ?" ಮಾವ ಇಳಿದು ಸುತ್ತಿ ಬಂದು ಡ್ರೈವರ್ ಬದಿಯ ಬಾಗಿಲು ತೆರೆದರು. "ಇಳೀರಿ. ಇನ್ಮೇಲೆ ನಾನೇ ಓಡಿಸ್ತೀನಿ, ಮನೆಗೇ ತಗೊಂಡು ಹೋಗ್ತೀನಿ. ನೀವು ತಿಂಗಳಿಗೊಂದ್ಸಲ ಬಂದು ಪ್ಲಗ್ ನೋಡಿಕೊಟ್ರೆ ಸಾಕು."