ಮಾವನಿಗೊಂದು ಬಿಸಿಗಾಳಿ

ಹೀಟರಿನ ಗುಂಡಿಯನ್ನು ಎತ್ತ ತಿರುಗಿಸಿದರೂ ಡ್ರಾಯಿಂಗ್ ಮೇಷ್ಟ್ರ ಕಾರಿನೊಳಗೆ ಗಾಳಿ ಬರುತ್ತಿರಲಿಲ್ಲ. ಇಂಜಿನ್ನು ಬಿಸಿ ಮಾಡಿಕೊಟ್ಟರೂ ಅದನ್ನು ಒಳಕ್ಕೆ ಊದಬೇಕಾದ ಬ್ಲೋವರು ಮುನಿಸಿಕೊಂಡ ನೆಂಟನ ಹಾಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನಾಳೆ ನೋಡೋಣ, ನಾಳೆ ನೋಡೋಣ ಎಂದೇ ಎರಡು ಚಳಿಗಾಲ ಕಳೆದಿತ್ತು.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ನಿಂತಳು. "ರೀ, ಹನ್ನೊಂದಕ್ಕೆ ಅಪ್ಪನ ರೈಲು. ಹೋದ್ಸಲ ನಿಮ್ಮ ಕಾರಿಂದ ಇಳಿಯೋವಾಗ ಚಳಿಗೆ ಅವರ ಮೊಣಕಾಲೇ ಮಡಚ್ತಿರ್ಲಿಲ್ಲ. ಈ ಸಲವೂ ಹಾಗಾದ್ರೆ ನಾನಂತೂ ತವರಲ್ಲಿ ತಲೆ ಎತ್ತಕ್ಕಾಗಲ್ಲ."

ಗ್ಯಾರೇಜಿಗೆ ರಜ. "ನಾನೇ ಪತ್ತೆ ಹಚ್ತೀನಿ!" ಎಂದು ಮೇಷ್ಟ್ರು ಅಂಗಿಯ ತೋಳು ಮಡಚಿ, ಸ್ಕ್ರೂಡ್ರೈವರ್ ಹಿಡಿದು ಬೀದಿಗಿಳಿದರು.

ಬಾನೆಟ್ ಎತ್ತಿದ್ದೇ ತಡ, ಎದುರು ಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರು ಹಾಜರ್.

"ಬ್ಲೋವರಿನ ಮೋಟಾರು ಸುಟ್ಟಿದೆ ಮೇಷ್ಟ್ರೇ. ಬರೆದಿಟ್ಕೊಳ್ಳಿ."

"ಮೊದಲು ಫ್ಯೂಸ್ ನೋಡೋಣ ಸಾರ್."

ಫ್ಯೂಸ್ ಗಟ್ಟಿಮುಟ್ಟಾಗಿತ್ತು. "ಹೇಳ್ಲಿಲ್ವಾ? ಮೋಟಾರೇ!" ಎಂದು ಪೋಸ್ಟ್‌ಮಾಸ್ಟರು ತೀರ್ಪು ಕೊಟ್ಟರು.

ಅಷ್ಟರಲ್ಲಿ ಪಕ್ಕದ ಮನೆಯ ಟೈಲರಕ್ಕ ಅಳತೆ ಟೇಪನ್ನು ಕೊರಳಲ್ಲಿ ನೇತುಹಾಕಿಕೊಂಡೇ ಬಂದರು. "ನನ್ನ ಹೊಲಿಗೆ ಮೆಷಿನ್ನೂ ಹೀಗೇ ನಿಂತಿತ್ತು. ಮೋಟಾರು ಚೆನ್ನಾಗೇ ಇತ್ತು, ಕೆಟ್ಟಿದ್ದು ಸ್ವಿಚ್ಚು. ಬಿಚ್ಚಿ ನೋಡಿ."

ಬಿಚ್ಚಲು ಹೋದರೆ ಡ್ಯಾಶ್‌ಬೋರ್ಡಿನ ಪಟ್ಟಿ ಟಪ್ಪೆಂದು ಸೀಳಿತು. ಒಂದು ಸ್ಕ್ರೂ ಗಾಳಿಕಿಂಡಿಯೊಳಗೆ ಬಿದ್ದು ಮಾಯ. ಮೊಣಕೈ ತಗುಲಿ ಹಾರ್ನು ಬೊಬ್ಬೆ ಹೊಡೆದು, ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಅಂತೂ ಸ್ವಿಚ್ಚು ಕೈಗೆ ಬಂತು. ಅದರ ಹಿಂಭಾಗ, ಸೀದ ಹಾಲಿನ ಪಾತ್ರೆಯ ತಳದಂತೆ ಕರ್ರಗೆ ಕರಗಿತ್ತು.

"ಸಿಕ್ಕಿಬಿದ್ದ ಕಳ್ಳ!" ಮೇಷ್ಟ್ರು ಕೂತಲ್ಲೇ ಕುಣಿದರು.

"ಮೋಟಾರೂ ಸುಟ್ಟಿರುತ್ತೆ ಕಣ್ರೀ," ಎಂದು ಪೋಸ್ಟ್‌ಮಾಸ್ಟರು ಗಾಳಿಕಿಂಡಿಗೆ ಮುಖವೊಡ್ಡಿ ಇಣುಕಿದರು.

ಸ್ವಿಚ್ಚಿಗೆ ಬರುತ್ತಿದ್ದ ಎರಡು ವೈರುಗಳನ್ನು ಮೇಷ್ಟ್ರು ತುಂಡು ತಂತಿಯಿಂದ ನೇರವಾಗಿ ಸೇರಿಸಿದರು. ಭರ್ರ್! ಎರಡು ವರ್ಷದ ಧೂಳು, ತರಗೆಲೆ ಎಲ್ಲ ಪೋಸ್ಟ್‌ಮಾಸ್ಟರ ಮುಖಕ್ಕೆ ರಾಚಿತು. ಸ್ಕ್ರೂ ಅವರ ಕನ್ನಡಕಕ್ಕೆ ಟಿಣ್ಣೆಂದು ಬಡಿಯಿತು.

"ಮೋಟಾರು... ಚೆನ್ನಾಗಿದೆ," ಎಂದು ಅವರು ಕೆಮ್ಮುತ್ತ ಒಪ್ಪಿಕೊಂಡರು.

ಹೊಸ ಸ್ವಿಚ್ಚು ತರಲು ಹೊತ್ತಿರಲಿಲ್ಲ. ತಂತಿಯನ್ನು ಹಾಗೇ ಬಿಟ್ಟು ಮೇಷ್ಟ್ರು ಸ್ಟೇಷನ್ನಿಗೆ ಹಾರಿದರು.

ಮಾವ ಎರಡು ಸ್ವೆಟರು, ಮಫ್ಲರು, ಕೈಗವಸು ಹಾಕಿಕೊಂಡು, ಯುದ್ಧಕ್ಕೆ ಹೊರಟವರಂತೆ ಕಾರು ಹತ್ತಿದರು. ಮೊದಲ ತಿರುವಿನಲ್ಲಿ ಮಫ್ಲರು ಬಿಚ್ಚಿದರು. ಎರಡನೆಯದರಲ್ಲಿ ಒಂದು ಸ್ವೆಟರು.

"ಭಲೇ ಅಳಿಯಂದಿರೇ! ಯಾರು ರಿಪೇರಿ ಮಾಡಿದ್ದು?"

"ನಾನೇ ಮಾವ!" ಮೇಷ್ಟ್ರ ಎದೆ ಉಬ್ಬಿ ಸೀಟ್ ಬೆಲ್ಟು ಬಿಗಿಯಾಯಿತು.

"ಒಳ್ಳೇದಾಯ್ತು." ಮಾವ ಜೇಬಿನಿಂದ ಫಳಫಳ ಹೊಳೆಯುವ ಕೀಯೊಂದನ್ನು ತೆಗೆದು, ನೋಡಿ, ಮತ್ತೆ ಒಳಗಿಟ್ಟುಕೊಂಡರು. "ನನಗಿನ್ನು ಓಡಿಸೋಕೆ ಕಣ್ಣು ಸಾಲದು. ಹೋದ ವರ್ಷ ತಗೊಂಡ ಕಾರು ಸುಮ್ನೆ ನಿಂತಿದೆ. ಪಾಪ, ನೀವಿಬ್ರೂ ಚಳೀಲಿ ನಡುಗ್ತೀರಲ್ಲ, ನಿಮಗೇ ಕೊಡೋಣ ಅಂತ ಕೀ ತಂದಿದ್ದೆ. ನಿಮ್ದು ಇಷ್ಟು ಚೆನ್ನಾಗಿದೆ ಅಂದ್ಮೇಲೆ ಚಿಕ್ಕ ಅಳಿಯಂಗೆ ಕೊಟ್ಬಿಡ್ತೀನಿ."

ಮೇಷ್ಟ್ರ ಕೈ ತಾನಾಗಿಯೇ ಡ್ಯಾಶ್‌ಬೋರ್ಡಿನೊಳಗೆ ನುಗ್ಗಿ ತಂತಿಯನ್ನು ಸರಕ್ಕನೆ ಎಳೆಯಿತು. ಗಾಳಿ ನಿಂತಿತು.

"ಅಯ್ಯಯ್ಯೋ! ನೋಡಿ ಮಾವ, ಮತ್ತೆ ಕೆಟ್ಟೋಯ್ತು!"

ಮಾವ ಹಣೆಯ ಬೆವರು ಒರೆಸಿಕೊಂಡು ಅಳಿಯನ ಭುಜ ತಟ್ಟಿದರು.

"ತಮಾಷೆ ಸಾಕು. ನನಗೆ ಸೆಕೆ ಅಂತ ಬಾಯಿಬಿಟ್ಟು ಹೇಳೋ ಮುಂಚೆನೇ ಆಫ್ ಮಾಡಿದ್ರಲ್ಲ, ಅದು ನಿಮ್ಮ ದೊಡ್ಡತನ!"